ಪ್ರಾಚೀನ ಇಸ್ರಾಯೇಲಿನ ಮೂಲಕಥನಗಳು: ಪರಂಪರೆ ಮತ್ತು ಐತಿಹಾಸಿಕ ಆಧಾರ

ಇಸ್ರಾಯೇಲಿನ ಮೂಲಕಥನಗಳು: ಯೆಹೂದಿ ಜನ ತಮ್ಮ ಹುಟ್ಟು, ವಲಸೆ, ದಾಸ್ಯ, ಬಿಡುಗಡೆ ಮತ್ತು ನಾಡು ಹಿಡಿದ ಬಗೆಯನ್ನು ಕುರಿತು ಹೇಳಿಕೊಂಡು ಬಂದಿರುವ ಕಥೆಗಳು. ಹೀಬ್ರೂ ಬೈಬಲ್ಲಿನ (ಕ್ರೈಸ್ತರ ಹಳೆಯ ಒಡಂಬಡಿಕೆ) ಮೊದಲ ಐದು ಪುಸ್ತಕಗಳಾದ ತೋರಾದಲ್ಲಿಯೂ ಅದರ ಬೆನ್ನಿಗೆ ಬರುವ ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ, ಅರಸುಗಳು ಎಂಬ ಪುಸ್ತಕಗಳಲ್ಲಿಯೂ ಇವು ಹರಡಿಕೊಂಡಿವೆ. ಅಬ್ರಹಾಮ ಊರ್ ಪಟ್ಟಣ ಬಿಟ್ಟು ಕಾನಾನಿಗೆ ಬರುತ್ತಾನೆ. ಅವನ ಮೊಮ್ಮಗ ಯಾಕೋಬನ ಮಕ್ಕಳು ಬರಗಾಲಕ್ಕೆ ಸಿಕ್ಕಿ ಐಗುಪ್ತಕ್ಕೆ (ಈಜಿಪ್ಟ್) ಹೋಗುತ್ತಾರೆ, ಅವರ ಸಂತತಿ ಅಲ್ಲಿ ಬಿಟ್ಟಿದುಡಿಮೆಗೆ ಬೀಳುತ್ತದೆ. ಮೋಶೆ ಅವರನ್ನು ಬಿಡಿಸಿ ಸೀನಾಯಿ ಬೆಟ್ಟದ ಬುಡಕ್ಕೆ ತರುತ್ತಾನೆ, ಅಲ್ಲಿ ಧರ್ಮಶಾಸ್ತ್ರ ಸಿಗುತ್ತದೆ. ನಲವತ್ತು ವರ್ಷ ಅಲೆದ ಮೇಲೆ ಯೆಹೋಶುವ ಕಾನಾನನ್ನು ಗೆದ್ದುಕೊಡುತ್ತಾನೆ. ಕೊನೆಗೆ ದಾವೀದ, ಸೊಲೊಮೋನರ ರಾಜ್ಯ, ಜೆರುಸಲೇಮಿನ ದೇವಾಲಯ.

ಇದರಲ್ಲಿ ನಡೆದದ್ದೆಷ್ಟು, ನೆನಪೆಷ್ಟು, ಕಟ್ಟಿಕೊಂಡದ್ದೆಷ್ಟು ಎಂಬ ಚರ್ಚೆ ಶತಮಾನಗಳಿಂದ ನಡೆದಿದೆ. ಎಲ್ಲ ಕಥೆಗಳನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ನಿಜ ಅಥವಾ ಸುಳ್ಳು ಎಂದುಬಿಡುವ ಅವಸರ ನಂಬುವವರಲ್ಲೂ ಸಂಶಯಿಸುವವರಲ್ಲೂ ಇದೆ. ಅಬ್ರಹಾಮನಿಗಿರುವ ಆಧಾರ ಬೇರೆ, ಯೂದಾಯದ ಅರಸ ಹಿಜ್ಕೀಯನಿಗಿರುವ ಆಧಾರ ಬೇರೆ. ಹಳೆಯ ಕಥೆಯೊಂದು ತಾನು ಹೇಳುವ ಕಾಲಕ್ಕಿಂತ ತನ್ನನ್ನು ಹೇಳಿದವರ ಕಾಲಕ್ಕೆ ಹೆಚ್ಚು ಗಟ್ಟಿಯಾದ ಸಾಕ್ಷಿ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಗ್ರಂಥದ ಒಳಗಿನ ಸಾಕ್ಷ್ಯ

ಸಂಶಯ ಹೊರಗಿನಿಂದ ಬಂದದ್ದಲ್ಲ, ಓದುವವರ ನಡುವೆಯೇ ಮೊಳೆತದ್ದು. ತೋರಾವನ್ನು ಬರೆದವನು ಮೋಶೆ ಎಂಬುದು ಪರಂಪರೆ. ಆದರೆ ಧರ್ಮೋಪದೇಶಕಾಂಡದ ಕೊನೆಯ ಎಂಟು ವಚನಗಳಲ್ಲಿ ಮೋಶೆ ಸಾಯುತ್ತಾನೆ, ಅವನ ಸಮಾಧಿ ಎಲ್ಲಿದೆಯೆಂದು ಇಂದಿಗೂ ಯಾರಿಗೂ ತಿಳಿಯದು ಎಂಬ ಮಾತೂ ಅಲ್ಲಿದೆ. ತನ್ನ ಸಾವನ್ನು ತಾನೇ ಬರೆದದ್ದು ಹೇಗೆ? ಯೆಹೂದಿ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡು ಎರಡು ಉತ್ತರ ಕೊಡುತ್ತದೆ: ಆ ಎಂಟು ವಚನ ಯೆಹೋಶುವ ಬರೆದದ್ದು; ಅಲ್ಲ, ದೇವರು ಹೇಳುತ್ತಾ ಹೋದ ಹಾಗೆ ಮೋಶೆಯೇ ಕಣ್ಣೀರಿಡುತ್ತಾ ಬರೆದದ್ದು. 12ನೆಯ ಶತಮಾನದ ಸ್ಪೇನಿನ ಪಂಡಿತ ಅಬ್ರಹಾಂ ಇಬ್ನ್ ಎಜ್ರಾ ಇನ್ನೂ ಮುಂದಕ್ಕೆ ಹೋದ. ಅಬ್ರಹಾಮನ ಕಥೆಯಲ್ಲಿ, ಆಗ ನಾಡಿನಲ್ಲಿ ಕಾನಾನ್ಯರಿದ್ದರು ಎಂಬರ್ಥದ ಮಾತು ಬರುತ್ತದೆ. 'ಆಗ' ಎನ್ನಬೇಕಾದರೆ ಬರೆದವನ ಕಾಲಕ್ಕೆ ಕಾನಾನ್ಯರು ಇರಲಿಲ್ಲವೆಂದಾಯಿತು, ಮೋಶೆಯ ಕಾಲದಲ್ಲಾದರೋ ಅವರು ಇದ್ದರು. ಇದರಲ್ಲೊಂದು ಗುಟ್ಟಿದೆ, ತಿಳಿದವನು ಸುಮ್ಮನಿರಲಿ ಎಂದು ಸೂಚಿಸಿ ಇಬ್ನ್ ಎಜ್ರಾ ಕೈತೊಳೆದುಕೊಂಡ. ಇದೇ ಇಬ್ನ್ ಎಜ್ರಾ, ಆದಿಕಾಂಡದ 36ನೆಯ ಅಧ್ಯಾಯದಲ್ಲಿರುವ ಎದೋಮಿನ ಅರಸರ ಪಟ್ಟಿ ಮೋಶೆಯ ಕಾಲಕ್ಕಿಂತ ಬಹಳ ಈಚಿನದು ಎಂದು ಬಾಯಿಬಿಟ್ಟು ಬರೆದಿದ್ದ ಇನ್ನೊಬ್ಬ ವ್ಯಾಖ್ಯಾನಕಾರನ ಪುಸ್ತಕವನ್ನು ಸುಡಬೇಕೆಂದವನು. ಸಂಶಯ ಇಟ್ಟುಕೊಳ್ಳಬಹುದು, ಸಾರಬಾರದು ಎಂಬುದು ಅಂದಿನ ಮರ್ಯಾದೆ.

1670ರಲ್ಲಿ ತತ್ತ್ವಜ್ಞಾನಿ ಸ್ಪಿನೋಜ ಆ ಮರ್ಯಾದೆಯನ್ನು ಮುರಿದ. ಇಬ್ನ್ ಎಜ್ರಾನ ಸೂಚನೆಗಳನ್ನು ಒಂದೊಂದಾಗಿ ಬಿಡಿಸಿಟ್ಟು, ಈ ಗ್ರಂಥಗಳಿಗೆ ಈಗಿನ ರೂಪ ಕೊಟ್ಟವನು ಯೆಹೂದಿಗಳು ಬಾಬಿಲೋನಿನ ಸೆರೆಯಿಂದ ಮರಳಿದ ಮೇಲಿನ ಶಾಸ್ತ್ರಿ ಎಜ್ರನಿರಬೇಕೆಂದು ವಾದಿಸಿದ. ಮುಂದಿನ ಹೆಜ್ಜೆ ಇಟ್ಟವನು ಫ್ರೆಂಚ್ ವೈದ್ಯ ಜಾನ್ ಆಸ್ತ್ರುಕ್. 1753ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಪುಸ್ತಕದಲ್ಲಿ ಅವನು ಒಂದು ಸರಳ ಸಂಗತಿ ತೋರಿಸಿದ: ಆದಿಕಾಂಡದ ಕೆಲವು ಭಾಗಗಳು ದೇವರನ್ನು 'ಎಲೋಹೀಮ್' ಎನ್ನುತ್ತವೆ, ಕೆಲವು 'ಯಾಹ್ವೆ' (ಕನ್ನಡ ಬೈಬಲ್ಲಿನ ಯೆಹೋವ) ಎನ್ನುತ್ತವೆ, ಹೆಸರಿನ ಜೊತೆಗೆ ಶೈಲಿಯೂ ಬದಲಾಗುತ್ತದೆ. ಮೋಶೆಯ ಕೈಯಲ್ಲಿ ಹಳೆಯ ದಾಖಲೆಗಳಿದ್ದವು ಎಂದು ತೋರಿಸಿ ಪರಂಪರೆಯನ್ನು ಉಳಿಸುವುದು ಆಸ್ತ್ರುಕನ ಉದ್ದೇಶವಾಗಿತ್ತು. ಅವನು ಕೊಟ್ಟ ಉಪಕರಣದಿಂದಲೇ ಮುಂದಿನವರು ಮೋಶೆಯ ಕರ್ತೃತ್ವವನ್ನು ಬಿಚ್ಚಿಹಾಕಿದರು.

ಜಲಪ್ರಳಯದ ಕಥೆಯನ್ನು ಹತ್ತಿರದಿಂದ ನೋಡಿದರೆ ಈ ವಾದದ ಬಲ ಗೊತ್ತಾಗುತ್ತದೆ. ಆದಿಕಾಂಡದ 6ನೆಯ ಅಧ್ಯಾಯದಲ್ಲಿ ದೇವರು ನೋಹನಿಗೆ ಪ್ರತಿಯೊಂದು ಜಾತಿಯ ಎರಡೆರಡು ಪ್ರಾಣಿಗಳನ್ನು ನಾವೆಗೆ ಸೇರಿಸು ಎನ್ನುತ್ತಾನೆ. 7ನೆಯ ಅಧ್ಯಾಯದ ಮೊದಲಲ್ಲೇ ಯೆಹೋವನು ಶುದ್ಧ ಪ್ರಾಣಿಗಳಲ್ಲಿ ಏಳೇಳನ್ನೂ ಅಶುದ್ಧವಾದವುಗಳಲ್ಲಿ ಎರಡನ್ನೂ ತೆಗೆದುಕೊ ಎನ್ನುತ್ತಾನೆ. ಒಂದು ಕಡೆ ಮಳೆ ನಲವತ್ತು ದಿನ, ಇನ್ನೊಂದು ಕಡೆ ನೀರು ನೂರೈವತ್ತು ದಿನ. ಎರಡು ಎಳೆಗಳನ್ನು ಬಿಡಿಸಿಟ್ಟರೆ ಎರಡು ಬೇರೆ ಕಥೆಗಳು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಸಿಗುತ್ತವೆ. ನೇಯ್ದವನಿಗೆ ಈ ವ್ಯತ್ಯಾಸ ಕಾಣಲಿಲ್ಲವೆಂದಲ್ಲ. ಎರಡೂ ಅವನಿಗೆ ಪೂಜ್ಯವಾಗಿದ್ದವು, ಯಾವುದನ್ನೂ ಕೈಬಿಡುವ ಧೈರ್ಯವಾಗಲಿಲ್ಲ ಎಂದು ಊಹಿಸುವುದು ನ್ಯಾಯ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ನಿನೆವೆಯ ಮಣ್ಣಿನ ಫಲಕಗಳಲ್ಲಿ ಗಿಲ್ಗಮೇಶನ ಪ್ರಳಯಕಥೆಯನ್ನು ಓದಿದ ಮೇಲೆ, ನಾವೆ, ಬೆಟ್ಟದ ತುದಿ, ಹಾರಿಬಿಟ್ಟ ಪಾರಿವಾಳಗಳೆಲ್ಲ ಮೆಸೊಪೊಟೇಮಿಯದ ಹಳೆಯ ಆಸ್ತಿ ಎಂಬುದೂ ಖಚಿತವಾಯಿತು.

ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ 1878ರಲ್ಲಿ ಈ ಎಲ್ಲ ಕೆಲಸವನ್ನು ಒಂದು ಚೌಕಟ್ಟಿಗೆ ತಂದು, ತೋರಾ ನಾಲ್ಕು ಮೂಲಗಳ ಹೆಣಿಗೆ, ಯಾಜಕರ ವಿಧಿನಿಯಮಗಳು ಅದರಲ್ಲಿ ಕಡೆಯ ಪದರ ಎಂದು ನಿರೂಪಿಸಿದ. ಪಾದ್ರಿಗಳಾಗುವ ಹುಡುಗರಿಗೆ ಇಂಥದ್ದನ್ನು ಕಲಿಸುವುದು ಸರಿಯಲ್ಲವೆಂದು ತಾನೇ ಭಾವಿಸಿ 1882ರಲ್ಲಿ ಗ್ರೈಫ್ಸ್‌ವಾಲ್ಡಿನ ದೇವಶಾಸ್ತ್ರದ ಪೀಠ ಬಿಟ್ಟ. ನಾಲ್ಕು ಮೂಲಗಳ ಲೆಕ್ಕ ಈಚೆಗೆ ಬಹಳ ಅಲುಗಾಡಿದೆ. ತೋರಾ ಹಲವು ಕೈಗಳ, ಹಲವು ಶತಮಾನಗಳ ಕೆಲಸ ಎಂಬುದನ್ನು ಮಾತ್ರ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚುಕಡಿಮೆ ಯಾರೂ ಹಿಂದೆಗೆಯುತ್ತಿಲ್ಲ.

ಮೂಲಪಿತೃಗಳು

ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ ಬೈಬಲ್ಲಿನ ಹೊರಗೆ ಅವರ ಕಾಲದ ಒಂದಕ್ಷರವೂ ಇಲ್ಲ. ಕುರಿ ಕಾಯುವ ಒಂದು ಕುಟುಂಬದ ಕುರುಹು ಮಣ್ಣಿನಲ್ಲಿ ಉಳಿಯಬೇಕೆಂದು ಕೇಳುವುದೂ ಅನ್ಯಾಯವೇ. ಆದ್ದರಿಂದ ಅಮೆರಿಕದ ವಿಲಿಯಂ ಆಲ್‌ಬ್ರೈಟ್ ಮತ್ತು ಅವನ ಶಿಷ್ಯರು ಬೇರೆ ದಾರಿ ಹಿಡಿದರು. ಇರಾಕಿನ ನೂಜಿಯಲ್ಲಿ ಸಿಕ್ಕ ಫಲಕಗಳಲ್ಲಿ ಮಕ್ಕಳಾಗದ ಹೆಂಡತಿ ತನ್ನ ದಾಸಿಯನ್ನು ಗಂಡನಿಗೆ ಕೊಡುವ ಕರಾರುಗಳಿದ್ದವು. ಅಬ್ರಹಾಮನ ಹೆಂಡತಿ ಸಾರಳು ತನ್ನ ದಾಸಿ ಹಾಗರಳನ್ನು ಅವನಿಗೆ ಕೊಟ್ಟ ಕಥೆ ಆ ಫಲಕಗಳ ಕಾಲದ್ದೇ ಎಂದು ಅವರು ಸಾಧಿಸಿದರು. 1974ರಲ್ಲಿ ಥಾಮಸ್ ಥಾಂಪ್ಸನ್, 1975ರಲ್ಲಿ ಜಾನ್ ವಾನ್ ಸೀಟರ್ಸ್ ಈ ಕಟ್ಟಡವನ್ನು ಕೆಡವಿದರು. ಅಂಥ ಪದ್ಧತಿ ಸಾವಿರ ವರ್ಷ ಈಚೆಗೂ ಇತ್ತು. ಎಲ್ಲ ಕಾಲಕ್ಕೂ ಹೊಂದುವ ಪದ್ಧತಿ ಯಾವ ಕಾಲವನ್ನೂ ತೋರಿಸುವುದಿಲ್ಲ.

ಕಥೆಯಲ್ಲಿ ಕಾಲ ತೋರಿಸುವ ವಿವರಗಳು ಬೇರೆ ಇವೆ, ಅವು ಈಚೆಗೆ ಬೆರಳು ತೋರುತ್ತವೆ. ಊರ್ ಪಟ್ಟಣ ಕಸ್ದೀಯರದು ಎನ್ನಲಾಗಿದೆ. ಕಸ್ದೀಯರು ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಪೂ. 9ನೆಯ ಶತಮಾನದಲ್ಲಿ. ಇಸಾಕ ಗೆರಾರಿನಲ್ಲಿ ಫಿಲಿಷ್ಟಿಯರ ಅರಸನನ್ನು ಕಾಣುತ್ತಾನೆ. ಫಿಲಿಷ್ಟಿಯರು ಆ ಕರಾವಳಿಗೆ ಬಂದದ್ದು ಕ್ರಿ.ಪೂ. 12ನೆಯ ಶತಮಾನದಲ್ಲಿ. ಅಬ್ರಹಾಮನ ಆಳು ಹತ್ತು ಒಂಟೆಗಳ ಮೇಲೆ ಹೆಣ್ಣು ನೋಡಲು ಹೋಗುತ್ತಾನೆ. ಅರಾವಾ ಕಣಿವೆಯ ತಾಮ್ರದ ಗಣಿಗಳಲ್ಲಿ ಸಿಕ್ಕ ಮೂಳೆಗಳ ಪ್ರಕಾರ ಈ ಭಾಗದಲ್ಲಿ ಪಳಗಿದ ಒಂಟೆ ಹೊರೆ ಹೊರಲು ಬಂದದ್ದು ಕ್ರಿ.ಪೂ. 10ನೆಯ ಶತಮಾನದ ಕೊನೆಗೆ. ಇಷ್ಟರಿಂದ ಅಬ್ರಹಾಮ ಇರಲೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಕಥೆ ಹೇಳಿದವರಿಗೆ ತಮ್ಮ ಸುತ್ತಲಿನ ಲೋಕ ಗೊತ್ತಿತ್ತು, ಅಬ್ರಹಾಮನ ಲೋಕ ಗೊತ್ತಿರಲಿಲ್ಲ ಎಂಬುದಷ್ಟು ಸಿದ್ಧವಾಗುತ್ತದೆ.

ಐಗುಪ್ತದಿಂದ ಬಿಡುಗಡೆ

ಚರ್ಚೆಯ ನಡುಮನೆ ಇದು. ಪಸ್ಕ ಹಬ್ಬ ನಿಂತಿರುವುದು ಈ ಕಥೆಯ ಮೇಲೆ, ಸಬ್ಬತ್ತಿನ (ವಾರದ ವಿಶ್ರಾಂತಿದಿನ) ಆಜ್ಞೆಯನ್ನು ಧರ್ಮೋಪದೇಶಕಾಂಡ ಸಮರ್ಥಿಸುವುದೂ ಇದೇ ಕಥೆಯಿಂದ.

ಮೊದಲು ಲೆಕ್ಕ. ವಿಮೋಚನಕಾಂಡದ ಪ್ರಕಾರ ಹೊರಟ ಗಂಡಸರು ಸುಮಾರು 6 ಲಕ್ಷ; ಅರಣ್ಯಕಾಂಡದ ಜನಗಣತಿಯಲ್ಲಿ 6,03,550. ಹೆಂಗಸರು ಮಕ್ಕಳು ಸೇರಿದರೆ 20 ಲಕ್ಷ ದಾಟುತ್ತದೆ. ಅಂದಿನ ಇಡೀ ಈಜಿಪ್ಟಿನ ಜನಸಂಖ್ಯೆಯ ಅಂದಾಜೇ 30 ಲಕ್ಷದ ಆಸುಪಾಸು. ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಡಬೇಕು. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಬೆಳಕಿಗೆ ಬಂದ ಸುಮಾರು 380 ಮಣ್ಣಿನ ಫಲಕಗಳು ಕ್ರಿ.ಪೂ. 14ನೆಯ ಶತಮಾನದ ರಾಜತಾಂತ್ರಿಕ ಪತ್ರಗಳು. ಅವುಗಳಲ್ಲಿ ಜೆರುಸಲೇಮಿನ ಸಾಮಂತ ಅಬ್ದಿ-ಹೆಬ ಫರೋಹನ ಮುಂದೆ ಗೋಗರೆಯುತ್ತಾನೆ: ನಾಡು ಕೈಬಿಟ್ಟುಹೋಗುತ್ತಿದೆ, ಕಾವಲಿಗೆ ಐವತ್ತು ಜನರನ್ನಾದರೂ ಕಳಿಸಿ. ಐವತ್ತು ಸಿಪಾಯಿಗಳಿಂದ ಹತೋಟಿಗೆ ಬರುತ್ತಿದ್ದ ನಾಡಿಗೆ ಆರು ಲಕ್ಷ ಗಂಡಸರು ಬಂದಿಳಿದದ್ದನ್ನು ಅಕ್ಷರಶಃ ನಂಬುವುದು ಕಷ್ಟ. ಹೀಬ್ರೂವಿನ 'ಎಲೆಫ್' ಎಂಬ ಶಬ್ದಕ್ಕೆ ಸಾವಿರ ಎಂದೂ ಕುಲ ಅಥವಾ ದಳ ಎಂದೂ ಅರ್ಥವಿದೆ, ಆದ್ದರಿಂದ 600 ಕುಟುಂಬ ಎಂದು ಓದಬೇಕು ಎಂಬ ಪರಿಹಾರವೊಂದಿದೆ. ಜಾಣತನದ ಪರಿಹಾರವೇ ಸರಿ, ಆದರೆ ಅರಣ್ಯಕಾಂಡದ ಕೂಡುಲೆಕ್ಕಕ್ಕೆ ಅದು ಒಗ್ಗುವುದಿಲ್ಲ.

ಕಾಲನಿರ್ಣಯವೂ ಜಾರುತ್ತದೆ. ಸೊಲೊಮೋನನ ದೇವಾಲಯಕ್ಕಿಂತ 480 ವರ್ಷ ಮೊದಲು ಎಂಬ ಅರಸುಗಳು ಪುಸ್ತಕದ ಲೆಕ್ಕ ಹಿಡಿದರೆ ಕ್ರಿ.ಪೂ. 1446ರ ಸುಮಾರು ಬರುತ್ತದೆ. ಬಿಟ್ಟಿಯಾಳುಗಳು ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣ ಪಟ್ಟಣಗಳನ್ನು ಕಟ್ಟಿದರೆಂಬ ಮಾತು ಹಿಡಿದರೆ 13ನೆಯ ಶತಮಾನಕ್ಕೆ ಇಳಿಯಬೇಕು, ಏಕೆಂದರೆ ಪಿ-ರಾಮ್ಸೇಸ್ ರಾಜಧಾನಿಯನ್ನು ಬೆಳೆಸಿದವನು ಆ ಶತಮಾನದ ಎರಡನೆಯ ರಾಮ್ಸೇಸ್. ಎರಡರಲ್ಲಿ ಯಾವುದನ್ನು ಹಿಡಿದರೂ ಇನ್ನೊಂದು ತೊಡಕಿದೆ: ಆಗ ಕಾನಾನೇ ಈಜಿಪ್ಟಿನ ಆಳ್ವಿಕೆಯಲ್ಲಿತ್ತು, ಬೇತ್‌ಷೆಯಾನಿನಂಥ ಕಡೆ ಫರೋಹನ ಠಾಣ್ಯಗಳಿದ್ದವು. ಓಡಿಹೋದವರು ಒಂದು ಬಾಗಿಲಿನಿಂದ ಹೊರಟು ಅದೇ ಒಡೆಯನ ಇನ್ನೊಂದು ಬಾಗಿಲಿಗೆ ಬಂದಂತಾಯಿತು. ಕಾನಾನಿನಲ್ಲಿ ಈಜಿಪ್ಟಿನವರಿದ್ದರು ಎಂಬ ಸುಳಿವೇ ಯೆಹೋಶುವನ ಪುಸ್ತಕದಲ್ಲಿ ಇಲ್ಲ.

ಸೀನಾಯಿ ಮರಳುಗಾಡಿನಲ್ಲಿ ಇಪ್ಪತ್ತು ಲಕ್ಷ ಜನರ ಬೀಡಿನ ಒಂದು ಬೋಕಿಯೂ ಸಿಕ್ಕಿಲ್ಲ. ಅವರು ಬಹುಕಾಲ ತಂಗಿದ್ದರೆನ್ನಲಾದ ಕಾದೇಶ್‌ಬರ್ನೇಯದ ಚಿಲುಮೆಯ ಬಳಿ ಅಗೆದವರಿಗೂ ಆ ಕಾಲದ ಅಂಥ ಪಾಳೆಯ ಕಾಣಲಿಲ್ಲ. ಈಜಿಪ್ಟಿನ ಅರಸರು ಸೋಲನ್ನು ಕಲ್ಲಿನಲ್ಲಿ ಕೆತ್ತಿಸುತ್ತಿರಲಿಲ್ಲ, ನೈಲ್ ನದಿಯ ಮುಖಜ ಭೂಮಿಯ ಕೆಸರಿನಲ್ಲಿ ಪಪೈರಸ್ ಕಡತಗಳೆಲ್ಲ ಕೊಳೆತುಹೋದವು ಎಂದು ಕೆನ್ನೆತ್ ಕಿಚನ್‌ನಂಥ ಈಜಿಪ್ಟ್‌ ತಜ್ಞರು ಹೇಳುವ ಮಾತಿನಲ್ಲಿ ನ್ಯಾಯವಿದೆ. ಆದರೂ ಉಳಿದ ಕೆಲವೇ ಪಪೈರಸ್‌ಗಳಲ್ಲೊಂದು, ಓಡಿಹೋದ ಇಬ್ಬರು ಆಳುಗಳ ಬೆನ್ನುಹತ್ತಿ ಗಡಿಠಾಣ್ಯದ ಆಚೆಯವರೆಗೂ ಹೋದ ಅಧಿಕಾರಿಯ ಪತ್ರ. ಇಬ್ಬರು ತಪ್ಪಿಸಿಕೊಂಡರೂ ವಿಚಾರಣೆ ನಡೆಯುತ್ತಿದ್ದ ಗಡಿ ಅದು.

ಹಾಗಾದರೆ ಎಲ್ಲವೂ ಕಟ್ಟುಕಥೆಯೇ? ಹೀಗೆನ್ನುವುದೂ ಅವಸರ. ಸೆಮಿಟಿಕ್ ಜನ ಬರಗಾಲದಲ್ಲಿ ಕಾನಾನಿನಿಂದ ನೈಲ್ ತೀರಕ್ಕೆ ಇಳಿಯುತ್ತಿದ್ದದ್ದು ಖಚಿತ. ಅವರದೇ ಒಂದು ಮನೆತನ, ಹಿಕ್ಸೋಸ್, ಅವಾರಿಸ್ ಪಟ್ಟಣದಿಂದ ಉತ್ತರ ಈಜಿಪ್ಟನ್ನು ಆಳಿ ಕ್ರಿ.ಪೂ. 1550ರ ಸುಮಾರಿಗೆ ಓಡಿಸಲ್ಪಟ್ಟಿತು. ಆಸ್ಟ್ರಿಯದ ಮಾನ್‌ಫ್ರೆಡ್ ಬೀಟಕ್ 1966ರಿಂದ ತೆಲ್ ಎಲ್-ದಬಾದಲ್ಲಿ ಅಗೆಸಿದ್ದು ಆ ಪಟ್ಟಣವನ್ನೇ. ಮೋಶೆ, ಫೀನೆಹಾಸ, ಹೊಫ್ನಿ ಎಂಬವು ಈಜಿಪ್ಟ್ ಮೂಲದ ಹೆಸರುಗಳು, ಮತ್ತು ಆ ಹೆಸರಿನವರು ಬಹುಪಾಲು ಲೇವಿಯರು, ಅಂದರೆ ಯಾಜಕರ ಕುಲದವರು. ನ್ಯಾಯಸ್ಥಾಪಕರು ಪುಸ್ತಕದಲ್ಲಿರುವ, ಬಹಳ ಹಳೆಯದೆಂದು ಎಣಿಸಲಾದ ದೆಬೋರಳ ಗೀತೆ ಕುಲಗಳನ್ನು ಹೆಸರಿಸುವಾಗ ಲೇವಿಯನ್ನು ಬಿಟ್ಟಿದೆ. ಐಗುಪ್ತದಿಂದ ಬಂದದ್ದು ಲೇವಿಯರ ಒಂದು ಸಣ್ಣ ಗುಂಪು, ಅವರ ನೆನಪು ಕ್ರಮೇಣ ಎಲ್ಲರ ನೆನಪಾಯಿತು ಎಂದು ರಿಚರ್ಡ್ ಎಲಿಯಟ್ ಫ್ರೀಡ್‌ಮನ್ 2017ರಲ್ಲಿ ವಾದಿಸಿದ್ದು ಈ ಎಳೆ ಹಿಡಿದು. ಸಿದ್ಧಪಡಿಸಲು ಆಗದ, ತಳ್ಳಿಹಾಕಲೂ ಆಗದ ವಾದ. ದಾಸರಾಗಿದ್ದೆವೆಂಬ ಅವಮಾನದ ಮೂಲವನ್ನು ಯಾವ ಜನ ತಾನೇ ಸುಮ್ಮನೆ ಕಟ್ಟಿಕೊಂಡಾರು ಎಂಬ ಹಳೆಯ ತರ್ಕದ ತೂಕವನ್ನೂ ಇಲ್ಲಿ ಒಪ್ಪಬೇಕು.

ಯೆರಿಕೋ, ಆಯಿ, ಹಾಚೋರ್

ಯೆಹೋಶುವನ ದಂಡಯಾತ್ರೆಯ ಮಾತು ಬಂದಾಗ ಪುರಾತತ್ವ ಹೆಚ್ಚು ಖಡಾಖಂಡಿತವಾಗಿ ಮಾತಾಡುತ್ತದೆ, ಏಕೆಂದರೆ ಸುಟ್ಟ ಪಟ್ಟಣ ಮಣ್ಣಿನಲ್ಲಿ ಮಸಿ ಉಳಿಸಿಹೋಗುತ್ತದೆ.

1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಯೆರಿಕೋದಲ್ಲಿ ಕುಸಿದ ಗೋಡೆಯೊಂದನ್ನು ತೋರಿಸಿ ಯೆಹೋಶುವನ ಕೊಂಬಿನ ದನಿಗೆ ಬಿದ್ದ ಗೋಡೆ ಸಿಕ್ಕಿತೆಂದಾಗ ದೊಡ್ಡ ಸಂಭ್ರಮವಾಯಿತು. 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬವನ್ನು ಪದರ ಪದರವಾಗಿ ಸೀಳಿ ನೋಡಿದಳು. ಆ ಗೋಡೆ ಯೆಹೋಶುವನಿಗಿಂತ ಸಾವಿರ ವರ್ಷ ಹಿಂದಿನದು. ದೊಡ್ಡ ಪಟ್ಟಣ ನಾಶವಾದದ್ದು ಕ್ರಿ.ಪೂ. 1550ರ ಹೊತ್ತಿಗೆ, 13ನೆಯ ಶತಮಾನದಲ್ಲಿ ಅಲ್ಲಿ ಕೋಟೆಯ ಮಾತಿರಲಿ, ಊರು ಎನ್ನುವಂಥದ್ದೂ ಇರಲಿಲ್ಲ. ಆಯಿಯ ಕಥೆ ಇನ್ನೂ ವಿಚಿತ್ರ. ಜೂಡಿತ್ ಮಾರ್ಕೆ-ಕ್ರೌಸ್ 1933ರಿಂದ 1935ರವರೆಗೆ ಅಗೆದಾಗ, ಅದು ಕ್ರಿ.ಪೂ. 2400ರ ಸುಮಾರಿಗೇ ಹಾಳುಬಿದ್ದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬರಿದಾಗಿತ್ತೆಂದು ತಿಳಿಯಿತು. ಹೀಬ್ರೂವಿನಲ್ಲಿ ಆಯಿ ಎಂದರೇ ಹಾಳುದಿಬ್ಬ. ಕಣ್ಣೆದುರಿಗಿದ್ದ ದೊಡ್ಡ ಹಾಳಿಗೆ ಕಾರಣ ಹೇಳಲು ಹುಟ್ಟಿದ ಸ್ಥಳಪುರಾಣ ಅದು ಎಂಬುದು ಈ ಲೇಖಕನಿಗೂ ಸರಿಯೆನಿಸುತ್ತದೆ. ಹಾಚೋರ್ ಮಾತ್ರ ಕಥೆಯ ಪರವಾಗಿ ನಿಲ್ಲುತ್ತದೆ: ಅಲ್ಲಿನ ಅರಮನೆ ಕ್ರಿ.ಪೂ. 13ನೆಯ ಶತಮಾನದಲ್ಲಿ ಭಾರಿ ಬೆಂಕಿಗೆ ಬಿದ್ದಿದೆ, ವಿಗ್ರಹಗಳ ತಲೆ ಕೈಗಳು ಬೇಕೆಂದೇ ಕಡಿಯಲ್ಪಟ್ಟಿವೆ. ಇದು ಇಸ್ರಾಯೇಲ್ಯರ ಕೆಲಸವೆಂದು ಉತ್ಖನನದ ಮುಖ್ಯಸ್ಥ ಅಮ್ನೋನ್ ಬೆನ್-ತೋರ್ ನಂಬಿದ್ದ. ಉರಿದದ್ದು ಖಂಡಿತ, ಹಚ್ಚಿದವರ ಹೆಸರು ಬೂದಿಯಲ್ಲಿ ಬರೆದಿರುವುದಿಲ್ಲ.

ಬೈಬಲ್ ಕೂಡ ಇಲ್ಲಿ ಒಂದೇ ಬಾಯಲ್ಲಿ ಮಾತಾಡುವುದಿಲ್ಲ. ಯೆಹೋಶುವನ ಪುಸ್ತಕ ಇಡೀ ನಾಡು ಗೆದ್ದೆವೆನ್ನುತ್ತದೆ, ನ್ಯಾಯಸ್ಥಾಪಕರ ಮೊದಲ ಅಧ್ಯಾಯ ಗೆಲ್ಲಲಾಗದ ಪಟ್ಟಣಗಳ ಉದ್ದ ಪಟ್ಟಿ ಕೊಡುತ್ತದೆ. ಹಾಚೋರಿನ ಅರಸ ಯಾಬೀನ ಮೊದಲನೆಯದರಲ್ಲಿ ಸತ್ತವನು, ಎರಡನೆಯದರಲ್ಲಿ ಮತ್ತೆ ಆಳುತ್ತಿರುತ್ತಾನೆ.

ಬೆಟ್ಟಸೀಮೆಯ ಹಳ್ಳಿಗಳು

1896ರಲ್ಲಿ ಫ್ಲಿಂಡರ್ಸ್ ಪೆಟ್ರಿ ಲಕ್ಸರ್ ಬಳಿ ಮೆರ್ನೆಪ್ತಾ ಫರೋಹನ ಸ್ಮಾರಕ ದೇಗುಲದಲ್ಲಿ ಮೂರು ಮೀಟರಿಗೂ ಎತ್ತರದ ಕರಿಕಲ್ಲಿನ ಶಾಸನವೊಂದನ್ನು ಎತ್ತಿಸಿದ. ಕ್ರಿ.ಪೂ. 1208ರ ಸುಮಾರಿನ ಆ ವಿಜಯಶಾಸನದ ಕೊನೆಯ ಸಾಲುಗಳಲ್ಲಿ, ಕಾನಾನಿನಲ್ಲಿ ಸೋತವರ ನಡುವೆ ಇಸ್ರಾಯೇಲಿನ ಹೆಸರಿದೆ. ಅದರ ಬೀಜವೇ ಇಲ್ಲವಾಯಿತೆಂದು ಫರೋಹ ಕೊಚ್ಚಿಕೊಂಡಿದ್ದಾನೆ. ಇಸ್ರಾಯೇಲಿನ ಹೆಸರು ಲೋಕದ ದಾಖಲೆಗಳಲ್ಲಿ ಮೊದಲ ಬಾರಿಗೆ ಕಾಣಿಸುವುದು ಅದರ ಅಂತ್ಯದ ಸುದ್ದಿಯಾಗಿ! ಈಜಿಪ್ಟಿನ ಬರಹದಲ್ಲಿ ಹೆಸರಿನ ಕೊನೆಗೆ ಅದು ಯಾವ ವರ್ಗದ್ದೆಂದು ಹೇಳುವ ಚಿಹ್ನೆ ಇರುತ್ತದೆ. ಪಕ್ಕದ ಅಷ್ಕೆಲೋನ್, ಗೆಜೆರ್‌ಗಳ ಕೊನೆಗೆ ನಾಡಿನ ಚಿಹ್ನೆ. ಇಸ್ರಾಯೇಲಿನ ಕೊನೆಗೆ ಕುಳಿತ ಗಂಡು, ಕುಳಿತ ಹೆಣ್ಣು, ಕೆಳಗೆ ಬಹುವಚನದ ಮೂರು ಗೀಟು. ಅಂದರೆ ಆಗ ಅದೊಂದು ಜನ, ಇನ್ನೂ ರಾಜ್ಯವಲ್ಲ.

ಆ ಜನ ಎಲ್ಲಿದ್ದರೆಂಬುದಕ್ಕೆ ಉತ್ತರ ಸಿಕ್ಕಿದ್ದು ದಿಬ್ಬ ಅಗೆದವರಿಂದಲ್ಲ, ಬೆಟ್ಟಗಳಲ್ಲಿ ಕಾಲ್ನಡಿಗೆಯಲ್ಲಿ ಬೋಕಿ ಹೆಕ್ಕಿದವರಿಂದ. 1967ರ ನಂತರ ನಡೆದ ಸರ್ವೇಕ್ಷಣೆಗಳಲ್ಲಿ, ಕ್ರಿ.ಪೂ. 1200ರ ಹೊತ್ತಿಗೆ ಜೆರುಸಲೇಮಿನ ಉತ್ತರದಕ್ಷಿಣದ ಬೆಟ್ಟಸೀಮೆಯಲ್ಲಿ ಸುಮಾರು 250 ಸಣ್ಣ ಹಳ್ಳಿಗಳು ಹೊಸದಾಗಿ ಎದ್ದದ್ದು ಕಂಡುಬಂತು. ಕೋಟೆಯಿಲ್ಲ, ಅರಮನೆಯಿಲ್ಲ, ದೇಗುಲವಿಲ್ಲ. ಕಂಬಗಳ ಮೇಲೆ ನಿಂತ ಮನೆ, ಕತ್ತಿನಲ್ಲಿ ಪಟ್ಟಿಯಿರುವ ದೊಡ್ಡ ವಾಡೆ, ಕಾಳು ತುಂಬುವ ಹಗೇವು. ಹಂದಿಯ ಮೂಳೆ ಇಲ್ಲವೆನ್ನುವಷ್ಟು ಕಡಿಮೆ, ಅದೇ ಕಾಲದ ಫಿಲಿಷ್ಟಿಯರ ಪಟ್ಟಣಗಳಲ್ಲಿ ರಾಶಿ. ಮಡಕೆಯ ಬಗೆ ಮಾತ್ರ ತಗ್ಗಿನ ಕಾನಾನ್ಯರದೇ. ಇವರು ಹೊರಗಿನಿಂದ ದಂಡೆತ್ತಿ ಬಂದವರಾಗಿದ್ದರೆ ಪರದೇಶದ ಗುರುತೇನಾದರೂ ಇರಬೇಕಿತ್ತು.

ಇದನ್ನು ವಿವರಿಸಲು ಹಲವು ವಾದಗಳಿವೆ. ಆಲ್ಬ್ರೆಕ್ಟ್ ಆಲ್ಟ್ ಇವರನ್ನು ಮೆಲ್ಲಗೆ ನೆಲೆಯೂರಿದ ಕುರಿಗಾಹಿಗಳೆಂದ. ಜಾರ್ಜ್ ಮೆಂಡನ್‌ಹಾಲ್ 1962ರಲ್ಲಿ ಪಟ್ಟಣದ ಒಡೆಯರ ವಿರುದ್ಧ ಬಂಡೆದ್ದ ಒಕ್ಕಲುಗಳೆಂದ. ಆ ಬೆಟ್ಟಗಳಲ್ಲಿ ಕುರಿಗಾಹಿತನ ಮತ್ತು ಬೇಸಾಯ ಶತಮಾನಗಳುದ್ದಕ್ಕೂ ಅಲೆಯಂತೆ ಬದಲಾಗುತ್ತಿದ್ದು, ಇದು ಆ ಅಲೆಗಳಲ್ಲೊಂದು ಎಂಬ ಇಸ್ರಾಯೇಲ್ ಫಿಂಕೆಲ್‌ಸ್ಟೈನನ ವಾದಕ್ಕೆ ಈಗ ಹೆಚ್ಚು ಮನ್ನಣೆಯಿದೆ. ವಾದಗಳು ಬೇರೆಯಾದರೂ ಒಂದರಲ್ಲಿ ಬಹುಪಾಲು ಒಮ್ಮತ: ಇಸ್ರಾಯೇಲ್ಯರಲ್ಲಿ ಹೆಚ್ಚಿನವರು ಕಾನಾನಿನವರೇ. ಬೈಬಲ್ ಯಾರನ್ನು ಅಟ್ಟಿಬಿಡಿ ಎನ್ನುತ್ತದೆಯೋ ಅವರ ಒಡಹುಟ್ಟಿದವರು.

ಅವರ ದೇವರು ಮಾತ್ರ ದಕ್ಷಿಣದಿಂದ ಬಂದಿರಬೇಕು. 'ಇಸ್ರಾಯೇಲ್' ಎಂಬ ಹೆಸರಿನಲ್ಲಿರುವುದು ಕಾನಾನಿನ ಹಿರಿಯ ದೇವರಾದ ಎಲ್, ಯಾಹ್ವೆ ಅಲ್ಲ. ಸುಡಾನಿನ ಸೋಲೆಬ್‌ನಲ್ಲಿ ಮೂರನೆಯ ಅಮೆನ್‌ಹೊಟೆಪ್ ಕಟ್ಟಿಸಿದ ದೇಗುಲದ ಪಟ್ಟಿಯಲ್ಲಿ ಯಾಹ್ವೆ ಹೆಸರನ್ನು ಹೋಲುವ ಅಲೆಮಾರಿಗಳ ಸೀಮೆಯೊಂದಿದೆ. ದೆಬೋರಳ ಗೀತೆಯೂ ದೇವರನ್ನು ಎದೋಮಿನ ಕಡೆಯಿಂದ ಬರಿಸುತ್ತದೆ. 1975ರಲ್ಲಿ ಕುಂತಿಲ್ಲೆತ್ ಅಜ್ರುದ್‌ನಲ್ಲಿ ಅಗೆಯತೊಡಗಿದಾಗ ಸಿಕ್ಕ, ಕ್ರಿ.ಪೂ. 800ರ ಆಸುಪಾಸಿನ ದೊಡ್ಡ ಮಡಕೆಗಳ ಮೇಲೆ 'ಸಮಾರ್ಯದ ಯಾಹ್ವೆ ಮತ್ತು ಅವನ ಅಶೇರ' ಎಂದು ಹರಸಿದ ಬರಹವಿದೆ. ಅಶೇರ ದೇವಿಯೋ ಅವಳ ಕಂಬವೋ ಎಂಬ ಜಗಳ ಮುಗಿದಿಲ್ಲ. ಒಬ್ಬನೇ ದೇವರೆಂಬ ನಿಲುವು ಸೀನಾಯಿಯಲ್ಲಿ ಒಂದೇ ದಿನಕ್ಕೆ ಇಳಿದುಬರಲಿಲ್ಲ ಎಂಬುದಕ್ಕೆ ಮಡಕೆಯೇ ಸಾಕು.

ದಾವೀದನಿಂದ ಈಚೆಗೆ

1990ರ ದಶಕದ ಆರಂಭದಲ್ಲಿ ದಾವೀದನನ್ನೂ ಕಥೆಯ ಪಾತ್ರವೆಂದು ಬದಿಗಿಡುವ ವಿದ್ವಾಂಸರಿದ್ದರು. 1993ರಲ್ಲಿ ತೆಲ್ ದಾನ್‌ನಲ್ಲಿ ಅವ್ರಾಹಾಂ ಬಿರಾನನ ತಂಡ ಅಗೆಯುತ್ತಿದ್ದಾಗ, ಹಳೆಯ ಗೋಡೆಗೆ ಕಟ್ಟಿದ್ದ ಕಲ್ಲೊಂದರ ಮೇಲೆ ಇಳಿಬಿಸಿಲು ಓರೆಯಾಗಿ ಬಿದ್ದು ಅಕ್ಷರ ಎದ್ದುಕಂಡವು. ಕ್ರಿ.ಪೂ. 9ನೆಯ ಶತಮಾನದ ಅರಾಮ್ಯ ಅರಸನೊಬ್ಬನ ವಿಜಯಶಾಸನದ ಚೂರು ಅದು. ಅದರಲ್ಲಿ 'ದಾವೀದನ ಮನೆತನ' ಎಂಬ ಮಾತಿದೆ. ದಾವೀದ ಇದ್ದ, ಅವನ ಹೆಸರಿನಲ್ಲಿ ಒಂದು ರಾಜವಂಶ ಇತ್ತು ಎಂದು ಹಗೆಯೇ ಸಾಕ್ಷಿ ನುಡಿದಂತಾಯಿತು. ಸೊಲೊಮೋನನ ವೈಭವಕ್ಕೆ ಇಂಥ ಸಾಕ್ಷಿಯಿಲ್ಲ. ಮೆಗಿದ್ದೋ, ಗೆಜೆರ್, ಹಾಚೋರಿನ ಹೆಬ್ಬಾಗಿಲುಗಳು ಅವನವೋ ನೂರು ವರ್ಷ ಈಚಿನವೋ ಎಂಬ ವಾದ 1996ರಿಂದ ಜೋರಾಗಿ ನಡೆದಿದೆ.

ಮೌನ ಎರಡೂ ಕಡೆ ಇರುತ್ತದೆ. ಕ್ರಿ.ಪೂ. 853ರ ಕರ್ಕರ್ ಯುದ್ಧದಲ್ಲಿ ಇಸ್ರಾಯೇಲಿನ ಅಹಾಬ 2,000 ರಥ, 10,000 ಕಾಲಾಳುಗಳೊಡನೆ ನಿಂತನೆಂದು ಅಸ್ಸೀರಿಯದ ಶಲ್ಮನೇಸರನ ಶಾಸನ ಹೇಳುತ್ತದೆ. ಬೈಬಲ್ಲಿನಲ್ಲಿ ಆ ಯುದ್ಧದ ಸೊಲ್ಲೇ ಇಲ್ಲ.

ಕ್ರಿ.ಪೂ. 701ಕ್ಕೆ ಬಂದರೆ ಎರಡು ದಫ್ತರಗಳನ್ನು ಪಕ್ಕಪಕ್ಕ ಇಟ್ಟು ಓದಬಹುದು. ಅಸ್ಸೀರಿಯದ ಅರಸ ಸನ್ಹೇರೀಬ ಯೂದಾಯದ ಅರಸ ಹಿಜ್ಕೀಯನಿಂದ ಕಪ್ಪ ವಸೂಲಿ ಮಾಡಿದ. ಅರಸುಗಳು ಪುಸ್ತಕದ ಲೆಕ್ಕ 30 ತಲಾಂತು ಬಂಗಾರ, 300 ತಲಾಂತು ಬೆಳ್ಳಿ. ಅಸ್ಸೀರಿಯದ ಲೆಕ್ಕ 30 ತಲಾಂತು ಬಂಗಾರ, 800 ತಲಾಂತು ಬೆಳ್ಳಿ. ಬಂಗಾರ ತಾಳೆಯಾಗುತ್ತದೆ. 46 ಪಟ್ಟಣ ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎನ್ನುವ ಸನ್ಹೇರೀಬ ಜೆರುಸಲೇಮನ್ನು ಹಿಡಿದೆ ಎನ್ನುವುದಿಲ್ಲ. ಬೈಬಲ್ ಅದಕ್ಕೆ ಕಾರಣ ದೇವದೂತ ಒಂದೇ ರಾತ್ರಿ ಕೊಂದ 1,85,000 ಜನ ಎನ್ನುತ್ತದೆ. ನಡೆದ ಸಂಗತಿ ಒಂದೇ, ಕಾರಣ ಹೇಳುವಲ್ಲಿ ಇತಿಹಾಸಕಾರನ ದಾರಿ ಬೇರೆ.

ಎಲಿಫಾಂಟೈನ್‌ನ ಕಡತಗಳು

ಕ್ರಿ.ಪೂ. 5ನೆಯ ಶತಮಾನದಲ್ಲಿ ನೈಲ್ ನದಿಯ ಎಲಿಫಾಂಟೈನ್ ದ್ವೀಪದಲ್ಲಿ ಪರ್ಷಿಯನ್ನರ ಕೆಳಗೆ ಕಾವಲಿದ್ದ ಯೆಹೂದಿ ಸಿಪಾಯಿಗಳ ಮದುವೆ, ಸಾಲ, ಮನೆ ಕ್ರಯದ ಪತ್ರಗಳು ಉಳಿದಿವೆ. ಇವರಿಗೆ ಯಾಹೋ (ಯಾಹ್ವೆ) ದೇವರ ಸ್ವಂತ ದೇವಾಲಯವಿತ್ತು. ಜೆರುಸಲೇಮ್ ಬಿಟ್ಟು ಬೇರೆಡೆ ಬಲಿ ಕೂಡದೆಂಬ ನಿಯಮ ಇವರನ್ನು ಮುಟ್ಟಿದಂತಿಲ್ಲ. ಕ್ರಿ.ಪೂ. 410ರಲ್ಲಿ ಅಕ್ಕಪಕ್ಕದವರು ದೇವಾಲಯ ಕೆಡವಿದಾಗ, ಮತ್ತೆ ಕಟ್ಟಲು ನೆರವಾಗಿ ಎಂದು ಇವರು ಯೂದಾಯದ ರಾಜ್ಯಪಾಲನಿಗೆ ಮುಜುಗರವಿಲ್ಲದೆ ಬರೆದರು. ದೇವರ ವಂತಿಗೆಯ ಪಟ್ಟಿಯಲ್ಲಿ ಯಾಹೋ ಜೊತೆಗೆ ಅನತ್-ಬೇತೇಲ್‌ಗೂ ಪಾಲಿದೆ. ಕ್ರಿ.ಪೂ. 419ರ ಪತ್ರವೊಂದು ಹುಳಿಯಿಲ್ಲದ ರೊಟ್ಟಿಯ ಹಬ್ಬದ ದಿನಗಳನ್ನು ತಿಳಿಸುತ್ತದೆ. ಅಷ್ಟೂ ಕಡತಗಳಲ್ಲಿ ಅಬ್ರಹಾಮನಿಲ್ಲ, ಮೋಶೆಯಿಲ್ಲ, ಐಗುಪ್ತದ ಬಿಡುಗಡೆಯೂ ಇಲ್ಲ. ಅದೂ ಐಗುಪ್ತದಲ್ಲೇ ಕುಳಿತವರು! ಕ್ರಯಪತ್ರದಲ್ಲಿ ಪುರಾಣ ಬರೆಯುವವರಿಲ್ಲ ಎಂಬ ಎಚ್ಚರ ಇಟ್ಟುಕೊಂಡೇ ಹೇಳುವುದಾದರೆ, ತೋರಾ ಎಲ್ಲ ಯೆಹೂದಿಗಳ ಮನೆಮಾತಾದದ್ದು ನಾವೆಣಿಸಿದ್ದಕ್ಕಿಂತ ಈಚೆಗೆ.

ಭಾರತದ ಯೆಹೂದಿಗಳ ಮೂಲಕಥೆ

ಇದೇ ಬಗೆಯ ತೂಕ ಭಾರತದ ಯೆಹೂದಿಗಳ ಕಥೆಗೂ ಬೇಕಾಗುತ್ತದೆ. ಕೊಂಕಣದ ಬೆನೆ ಇಸ್ರಾಯೇಲರು, ತಾವು ಎರಡು ಸಾವಿರ ವರ್ಷದ ಹಿಂದೆ ಅಲಿಬಾಗಿನ ಬಳಿಯ ನವಗಾಂವ್‌ನಲ್ಲಿ ಹಡಗೊಡೆದು ಬದುಕಿ ಉಳಿದ ಏಳು ದಂಪತಿಗಳ ಸಂತತಿ ಎಂದುಕೊಳ್ಳುತ್ತಾರೆ. ಎಣ್ಣೆ ಗಾಣದ ಕಸುಬಿನ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ ಊರವರು 'ಶನಿವಾರ ತೇಲಿ' ಎಂದರು. 2016ರ ತಳಿಶಾಸ್ತ್ರದ ಅಧ್ಯಯನ ಇವರಲ್ಲಿ ಮಧ್ಯಪ್ರಾಚ್ಯದ ಯೆಹೂದಿ ಮೂಲವೂ ಭಾರತೀಯ ಮೂಲವೂ ಬೆರೆತಿರುವುದನ್ನು ತೋರಿಸಿತು. ಬೆರಕೆಯ ಕಾಲ ಸುಮಾರು 19ರಿಂದ 33 ತಲೆಮಾರು ಹಿಂದೆ. ಕಥೆಯ ತಿರುಳು ನಿಂತಿತು, ಎರಡು ಸಾವಿರ ವರ್ಷದ ಲೆಕ್ಕಕ್ಕೆ ಬೆಂಬಲ ಸಿಗಲಿಲ್ಲ. ಕೊಚ್ಚಿಯ ಯೆಹೂದಿಗಳ ತಾಮ್ರಶಾಸನಕ್ಕೆ ಪರಂಪರೆ ಕ್ರಿ.ಶ. 379 ಎಂದಿತ್ತು, ಲಿಪಿಯಿಂದಲೂ ಅದನ್ನು ಕೊಟ್ಟ ಅರಸ ಭಾಸ್ಕರ ರವಿವರ್ಮನ ಹೆಸರಿನಿಂದಲೂ ಅದು 1000ದ ಸುಮಾರಿನದೆಂದು ತಿಳಿದಿದೆ. ಯೆಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಸಿಕ್ಕ 72 ಹಕ್ಕುಗಳು ಮಾತ್ರ ತಾಮ್ರದಲ್ಲೇ ಇವೆ. ಮಂಗಳೂರಿನ ಕಥೆಗೆ ಪುರಾಣದ ಹಂಗೇ ಇಲ್ಲ: 12ನೆಯ ಶತಮಾನದಲ್ಲಿ ಅಲ್ಲಿ ಕಂಚಿನ ಕಾರ್ಖಾನೆ ನಡೆಸಿದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಆಶು ಎಂಬವಳಿಗೆ ಬರೆದುಕೊಟ್ಟ ದಾಸ್ಯವಿಮೋಚನೆಯ ಪತ್ರ ಕೈರೋದ ಗೆನೀಜಾದಲ್ಲಿ (ಹಳೆಯ ಯೆಹೂದಿ ಬರಹಗಳ ಉಗ್ರಾಣ) ಸಿಕ್ಕಿದೆ.

ನಂಬಿಕೆಯವರ ಉತ್ತರಗಳು

ಹಳೆಯ ಉತ್ತರಗಳಲ್ಲಿ ಪ್ರಬಲವಾದದ್ದು 12ನೆಯ ಶತಮಾನದ ಯೆಹೂದಾ ಹಲೇವಿಯದು: ಸೀನಾಯಿಯಲ್ಲಿ ಆರು ಲಕ್ಷ ಜನ ಕಣ್ಣಾರೆ ಕಂಡದ್ದನ್ನು ಕಟ್ಟಲಾಗದು, ಇಡೀ ಜನಾಂಗಕ್ಕೆ ಸುಳ್ಳು ನೆನಪು ಹುಟ್ಟಿಸಲು ಬರುವುದಿಲ್ಲ. ಈ ತರ್ಕದ ಕೊರತೆ ಎಂದರೆ ಆರು ಲಕ್ಷ ಸಾಕ್ಷಿಗಳಿದ್ದರೆಂದು ಹೇಳುವುದು ಒಂದೇ ಪುಸ್ತಕ. ತೋರಾ ಪರಲೋಕದಿಂದ ಬಂದದ್ದೆಂಬುದನ್ನು ಮೈಮೊನೈಡಿಸ್ ತನ್ನ ಹದಿಮೂರು ತತ್ತ್ವಗಳಲ್ಲಿ ಎಂಟನೆಯದಾಗಿ ಇಟ್ಟ. ಸಾಂಪ್ರದಾಯಿಕರು ಇಂದಿಗೂ ಅಲ್ಲಿಯೇ ನಿಂತಿದ್ದಾರೆ.

1904ರಲ್ಲಿ ಯೆಹೂದಿ ಲೇಖಕ ಅಹದ್ ಹಾಅಮ್ ಮೋಶೆಯ ಮೇಲೆ ಬರೆದ ಪ್ರಬಂಧ ಬೇರೆ ದಾರಿ ತೆರೆಯಿತು. ಅಗೆದು ತಿಳಿಯುವ ಸತ್ಯ ಒಂದು, ಜನಾಂಗದ ಬಾಳಿನಲ್ಲಿ ಕೆಲಸ ಮಾಡಿದ ಸತ್ಯ ಇನ್ನೊಂದು; ಮೋಶೆ ಇರಲಿಲ್ಲವೆಂದು ಪಂಡಿತರು ನಾಳೆ ಸಾಧಿಸಿದರೂ ಸಾವಿರಾರು ವರ್ಷ ಯೆಹೂದಿಗಳನ್ನು ನಡೆಸಿದ ಮೋಶೆಗೆ ಏನೂ ಆಗದು ಎಂದು ಅವನ ವಾದ. ಮಾತು ಚೆನ್ನಾಗಿದೆ, ಆದರೆ ಎಲ್ಲರಿಗೂ ಸಮಾಧಾನ ತರುವುದಿಲ್ಲ. 2001ರ ಪಸ್ಕ ಹಬ್ಬದಲ್ಲಿ ಲಾಸ್ ಏಂಜಲೀಸ್‌ನ ರಬ್ಬಿ ಡೇವಿಡ್ ವೋಲ್ಪೆ, ಬಿಡುಗಡೆ ಬೈಬಲ್ ಹೇಳಿದ ಬಗೆಯಲ್ಲಿ ನಡೆದಿರಲಾರದು, ನಡೆದಿದ್ದರೆ ತಾನೇ ಎಂಬ ಅರ್ಥದಲ್ಲಿ ಪ್ರವಚನ ಮಾಡಿದಾಗ ಎದ್ದ ಗದ್ದಲ ಪತ್ರಿಕೆಗಳ ಮುಖಪುಟದವರೆಗೂ ಹೋಯಿತು. ಅವನು ಹೇಳಿದ್ದರಲ್ಲಿ ವಿದ್ವಾಂಸರಿಗೆ ಹೊಸದೇನೂ ಇರಲಿಲ್ಲ. ಹೇಳಿದ ಜಾಗ ಹೊಸದು.

ಈ ಚರ್ಚೆಯ ಒಳಹೊಗಲು ಹೀಬ್ರೂ ಬರಬೇಕೆಂದಿಲ್ಲ. ಯೆಹೋವ ಎಂಬ ಹೆಸರನ್ನು ಉಳಿಸಿಕೊಂಡಿರುವ ಹಳೆಯ ಕನ್ನಡ ಬೈಬಲ್ ಒಂದನ್ನು ತೆಗೆದುಕೊಳ್ಳಿ (ಈಚಿನ ಕೆಲವು ಅನುವಾದಗಳಲ್ಲಿ ಆ ಜಾಗದಲ್ಲಿ 'ಸರ್ವೇಶ್ವರ' ಎಂದಿದೆ). ಆದಿಕಾಂಡದ 6ರಿಂದ 9ನೆಯ ಅಧ್ಯಾಯದವರೆಗೆ, 'ದೇವರು' ಎಂದಿರುವ ಭಾಗಗಳನ್ನು ಒಂದು ಬಣ್ಣದ ಪೆನ್ಸಿಲಿನಿಂದಲೂ 'ಯೆಹೋವ' ಎಂದಿರುವ ಭಾಗಗಳನ್ನು ಇನ್ನೊಂದರಿಂದಲೂ ಗುರುತು ಮಾಡಿ, ಒಂದೊಂದು ಬಣ್ಣವನ್ನೇ ಹಿಡಿದು ಓದಿ ನೋಡಿ.